11ನೆಯವರೋ, 15ನೆಯವರೋ: ಎಳೆಯ ಎನ್‌ಬಿಎ ಆಟಗಾರನ ಮುಂದಿನ ಹತ್ತು ವರ್ಷ ಅಳೆಯುವ ಬಗೆ

2013ರಲ್ಲಿ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಪ್ರಕ್ರಿಯೆಯಲ್ಲಿ, ಮೈಕಲ್ ಕಾರ್ಟರ್-ವಿಲಿಯಮ್ಸ್ 11ನೇ ಆಯ್ಕೆಯಾಗಿ ಫಿಲಡೆಲ್ಫಿಯಾ ಸೇರಿದರು. ಮೊದಲ ಪಂದ್ಯದಲ್ಲೇ ಹಾಲಿ ಚಾಂಪಿಯನ್ ಮಯಾಮಿ ಎದುರು 22 ಅಂಕ, 12 ಅಸಿಸ್ಟ್ (ಅಂಕಕ್ಕೆ ದಾರಿಯಾದ ಪಾಸ್), 9 ಸ್ಟೀಲ್ (ಎದುರಾಳಿಯಿಂದ ಕಸಿದ ಚೆಂಡು). ಸೀಸನ್ ಮುಗಿಯುವ ಹೊತ್ತಿಗೆ ಪಂದ್ಯಕ್ಕೆ ಸರಾಸರಿ 16.7 ಅಂಕ, 6.2 ರೀಬೌಂಡ್ (ಗುರಿ ತಪ್ಪಿ ಮರಳಿದ ಚೆಂಡು ಹಿಡಿದದ್ದು), 6.3 ಅಸಿಸ್ಟ್. ವರ್ಷದ ರೂಕಿ, ಅಂದರೆ ಅತ್ಯುತ್ತಮ ಹೊಸ ಆಟಗಾರ ಪ್ರಶಸ್ತಿಯೂ ಅವರದೇ. ಅದೇ ಡ್ರಾಫ್ಟ್‌ನ 15ನೇ ಆಯ್ಕೆ, ಗ್ರೀಸ್‌ನಿಂದ ಮಿಲ್ವಾಕಿಗೆ ಬಂದ ಯಾನಿಸ್ ಆಂಟೆಟೊಕುಂಪೊ. ಆ ವರ್ಷ ಅವರು ಗಳಿಸಿದ್ದು ಪಂದ್ಯಕ್ಕೆ 6.8 ಅಂಕ. ಮುಂದೆ ಯಾನಿಸ್ 2019 ಮತ್ತು 2020ರಲ್ಲಿ ಎಂವಿಪಿ (ಸೀಸನ್‌ನ ಅತ್ಯಮೂಲ್ಯ ಆಟಗಾರ) ಆದರು, 2021ರಲ್ಲಿ ತಂಡಕ್ಕೆ ಪ್ರಶಸ್ತಿ ಗೆದ್ದುಕೊಟ್ಟರು. ಕಾರ್ಟರ್-ವಿಲಿಯಮ್ಸ್ ತಂಡದಿಂದ ತಂಡಕ್ಕೆ ಅಲೆದರು.

ಆದದ್ದೆಲ್ಲ ಆದಮೇಲೆ ಹೀಗೆ ಹೇಳುವುದು ಯಾರಿಗೂ ಸುಲಭ. 2014ರ ಬೇಸಿಗೆಯಲ್ಲೇ ಇದರ ಸುಳಿವು ಸಿಗುತ್ತಿತ್ತೇ? ಪೂರ್ತಿ ಅಲ್ಲ, ಆದರೆ ಸಾಕಷ್ಟು ಸಿಗುತ್ತಿತ್ತು. ಅಂಕಪಟ್ಟಿಯಲ್ಲಿ ಕಣ್ಣು ಹಾಯಿಸುವ ಜಾಗ ಮಾತ್ರ ಬೇರೆ.

ಮೊದಲು ಹುಟ್ಟಿದ ದಿನಾಂಕ ಬರೆದುಕೊಳ್ಳಿ

ಎಷ್ಟನೇ ಸೀಸನ್ ಎಂಬುದಕ್ಕಿಂತ ವಯಸ್ಸೆಷ್ಟು ಎಂಬುದು ಮುಖ್ಯ. ಕಾರ್ಟರ್-ವಿಲಿಯಮ್ಸ್ ಹುಟ್ಟಿದ್ದು 1991ರ ಅಕ್ಟೋಬರ್‌ನಲ್ಲಿ, ಯಾನಿಸ್ 1994ರ ಡಿಸೆಂಬರ್‌ನಲ್ಲಿ. ಇಬ್ಬರನ್ನೂ ‘ರೂಕಿ’ ಎಂದೇ ಕರೆದರೂ ನಡುವೆ ಮೂರು ವರ್ಷಕ್ಕೂ ಹೆಚ್ಚಿನ ಅಂತರವಿತ್ತು. ಒಬ್ಬರಿಗೆ 22, ಇನ್ನೊಬ್ಬರು ಸೀಸನ್ ಶುರುವಾದಾಗ 18ರ ಹುಡುಗ. ಮೈಕಟ್ಟು ತುಂಬಿಕೊಳ್ಳುವುದು, ಆಟದ ವೇಗಕ್ಕೆ ಕಣ್ಣು ಹೊಂದಿಕೊಳ್ಳುವುದು ಬಹುಮಟ್ಟಿಗೆ ಈ ವಯಸ್ಸಿನಲ್ಲೇ. ಹೆಚ್ಚಿನ ಆಟಗಾರರು ತಮ್ಮ ಉತ್ತುಂಗಕ್ಕೆ ಏರುವುದು 26ರಿಂದ 29ರ ಸುಮಾರಿಗೆ. 19ರವನ ಮುಂದೆ ಏಳೆಂಟು ವರ್ಷದ ಏರುದಾರಿ ಇದ್ದರೆ 23ರವನ ಮುಂದೆ ಮೂರ್ನಾಲ್ಕು ವರ್ಷ ಅಷ್ಟೆ.

ಹಾಗಾಗಿ ಹೋಲಿಸುವಾಗ 19ರವನನ್ನು 19ರವನ ಜೊತೆಗೇ ಇಡಿ. 22ರ ರೂಕಿಯ ಪಕ್ಕಕ್ಕೆ ಬರಬೇಕಾದ್ದು ಮೂರು ವರ್ಷ ಆಡಿದ 22ರವನ ಅಂಕಿಗಳು.

ವಯಸ್ಸಿನ ಪಕ್ಕದಲ್ಲೇ ಇನ್ನೊಂದು ಅಂಕಣ ಇರಲಿ: ಇಷ್ಟು ದಿನ ಯಾರ ಎದುರು ಆಡಿದ? ಲೂಕಾ ಡಾನ್ಚಿಚ್ 2018ರಲ್ಲಿ ರಿಯಲ್ ಮ್ಯಾಡ್ರಿಡ್ ಪರ ಯುರೋಪಿನ ಕ್ಲಬ್‌ಗಳ ಲೀಗ್ ಆದ ಯೂರೋಲೀಗ್‌ನ ಎಂವಿಪಿ ಆದಾಗ ಅವರಿಗೆ 19. ಎದುರಿಗಿದ್ದವರು ಸಂಬಳಕ್ಕೆ ಆಡುವ, ಮೈಬಲಿತ ವೃತ್ತಿಪರರು. ಹಾರುವುದಿಲ್ಲ, ಓಡುವುದಿಲ್ಲ ಎಂಬ ಗೊಣಗಾಟದ ನಡುವೆ ಆ ವರ್ಷದ ಡ್ರಾಫ್ಟ್‌ನಲ್ಲಿ ಎರಡು ತಂಡಗಳು ಅವರನ್ನು ಬಿಟ್ಟು ಬೇರೆಯವರನ್ನು ಆರಿಸಿಕೊಂಡವು.

ಅಂಕಗಳನ್ನು ಬಿಡಿಸಿ ನೋಡಿ

ಪಂದ್ಯದ ಸರಾಸರಿ ಅಂಕ ಹೇಳುವುದು ಹುಡುಗನಿಗೆ ಎಷ್ಟು ಅವಕಾಶ ಸಿಕ್ಕಿತು ಎಂಬುದನ್ನು. ಆ ಅವಕಾಶವನ್ನು ಹೇಗೆ ಬಳಸಿದ ಎಂದು ತಿಳಿಯಲು ಎರಡು ಚಿಕ್ಕ ಲೆಕ್ಕ ಸಾಕು. ಮೊಬೈಲ್‌ನ ಕ್ಯಾಲ್ಕುಲೇಟರ್‌ನಲ್ಲೇ ಆಗುತ್ತದೆ.

ಒಂದು, 36 ನಿಮಿಷದ ಲೆಕ್ಕ. ಎನ್‌ಬಿಎ ಪಂದ್ಯ 48 ನಿಮಿಷ, ಮುಖ್ಯ ಆಟಗಾರ ಸುಮಾರು 36 ಆಡುತ್ತಾನೆ. ಆದ್ದರಿಂದ ಸರಾಸರಿಯನ್ನು ಆಡಿದ ನಿಮಿಷಗಳಿಂದ ಭಾಗಿಸಿ 36ರಿಂದ ಗುಣಿಸಿ. 2014ರ ಡ್ರಾಫ್ಟ್‌ನಲ್ಲಿ 41ನೆಯವರಾಗಿ ಆಯ್ಕೆಯಾದ ನಿಕೊಲಾ ಯೋಕಿಚ್ 2015–16ರ ಮೊದಲ ಸೀಸನ್‌ನಲ್ಲಿ 21.7 ನಿಮಿಷಕ್ಕೆ 10.0 ಅಂಕ, 7.0 ರೀಬೌಂಡ್, 2.4 ಅಸಿಸ್ಟ್ ಗಳಿಸಿದರು. ಸಾಧಾರಣ ಎನಿಸುತ್ತದೆ. 36 ನಿಮಿಷಕ್ಕೆ ಹಿಗ್ಗಿಸಿದರೆ ಸುಮಾರು 16.6 ಅಂಕ, 11.6 ರೀಬೌಂಡ್, 4 ಅಸಿಸ್ಟ್. ಇಪ್ಪತ್ತರ ಸೆಂಟರ್‌ಗೆ (ಬುಟ್ಟಿಯ ಬಳಿ ಆಡುವ ಎತ್ತರದವನಿಗೆ) 4 ಅಸಿಸ್ಟ್ ಎಂದರೆ ಅಲ್ಲೇ ನಿಂತು ಇನ್ನೊಮ್ಮೆ ನೋಡಬೇಕು. ಪಂದ್ಯಕ್ಕೆ 15 ನಿಮಿಷವೂ ಆಡದವನ ಮೇಲೆ ಮಾತ್ರ ಈ ಲೆಕ್ಕ ಹಾಕಬೇಡಿ. ಸೋತು ಮುಗಿದ ಪಂದ್ಯದ ಕೊನೆಯಲ್ಲಿ, ಎದುರಾಳಿಯ ಬೆಂಚಿನವರ ಮುಂದೆ ಗಳಿಸಿದ ಅಂಕಗಳೂ ಅದರಲ್ಲಿ ಉಬ್ಬಿಕೊಳ್ಳುತ್ತವೆ.

ಎರಡು, ಟ್ರೂ ಶೂಟಿಂಗ್, ಅಂದರೆ ಎಸೆತಗಳಿಂದ ಎಷ್ಟು ಅಂಕ ಬಂತು ಎಂಬ ಅಳತೆ. ಫ್ರೀ ಥ್ರೋ (ಫೌಲ್ ಆದಾಗ ಸಿಗುವ ಎಸೆತ) ಯತ್ನಗಳನ್ನು 0.44ರಿಂದ ಗುಣಿಸಿ, ಫೀಲ್ಡ್ ಗೋಲ್ (ಆಟದ ನಡುವೆ ಬುಟ್ಟಿಗೆ ಎಸೆಯುವ ಎಸೆತ) ಯತ್ನಗಳಿಗೆ ಕೂಡಿಸಿ, ಬಂದದ್ದನ್ನು ಇಮ್ಮಡಿ ಮಾಡಿ, ಅಂಕಗಳನ್ನು ಅದರಿಂದ ಭಾಗಿಸಿ. ಕಾರ್ಟರ್-ವಿಲಿಯಮ್ಸ್ ಪಂದ್ಯಕ್ಕೆ ಸುಮಾರು 15.1 ಫೀಲ್ಡ್ ಗೋಲ್ ಯತ್ನ ಮಾಡಿದರು, 5.2 ಫ್ರೀ ಥ್ರೋ ತೆಗೆದುಕೊಂಡರು. 5.2ಕ್ಕೆ 0.44 ಎಂದರೆ 2.3. ಕೂಡಿಸಿದರೆ 17.4, ಇಮ್ಮಡಿ 34.8. 16.7 ಅಂಕವನ್ನು ಇದರಿಂದ ಭಾಗಿಸಿದರೆ ಸಿಗುವುದು ಶೇ 48. ಲೀಗಿನ ಸರಾಸರಿ ಆಗ ಶೇ 54ರ ಆಸುಪಾಸಿನಲ್ಲಿತ್ತು. ಅವರ ಕೈಗೆ ಚೆಂಡು ಹೋದಷ್ಟೂ ತಂಡಕ್ಕೆ ನಷ್ಟವೇ ಆಗುತ್ತಿತ್ತು ಎಂದಾಯಿತು. ಇದರ ಮೇಲೆ ಆ ತಂಡ ಆ ವರ್ಷ ಲೀಗಿನಲ್ಲೇ ಅತಿ ವೇಗವಾಗಿ ಆಡಿತ್ತು, ಸತತ 26 ಪಂದ್ಯ ಸೋತಿತ್ತು. ವೇಗದ ಆಟದಲ್ಲಿ ಎಲ್ಲರ ಅಂಕಿಯೂ ಉಬ್ಬುತ್ತದೆ, ಸೋಲುವ ತಂಡದಲ್ಲಿ ಯಾರಾದರೂ ಚೆಂಡು ಎಸೆಯಲೇಬೇಕು.

ಶೇ 48 ಎಂದ ಮಾತ್ರಕ್ಕೆ ಕಥೆ ಮುಗಿಯಿತೆಂದಲ್ಲ. ಯಾನಿಸ್ ಕೂಡ ಆ ವರ್ಷ ಶೇ 52ರ ಆಜುಬಾಜಿನಲ್ಲೇ ಇದ್ದರು. 19ರವನು ಸರಾಸರಿಗಿಂತ ಎರಡು ಮೂರು ಅಂಶ ಕೆಳಗಿದ್ದರೆ ಕಾಯಬಹುದು. 22ರವನು ಆರು ಅಂಶ ಕೆಳಗಿದ್ದರೆ ಕಾರಣ ಹುಡುಕಬೇಕು. ಮೊದಲು ಹುಡುಕಬೇಕಾದ ಜಾಗ ಶೂಟಿಂಗ್.

ತ್ರೀ ಪಾಯಿಂಟ್ ನಂಬುವ ಮೊದಲು ಫ್ರೀ ಥ್ರೋ

ಎಡವುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ನಿಜಕ್ಕೂ ಶೇ 35 ತ್ರೀ (ದೂರದ ಗೆರೆಯಾಚೆಯಿಂದ ಎಸೆದು ಮೂರು ಅಂಕ ತರುವ ಎಸೆತ) ಹಾಕಬಲ್ಲವನೊಬ್ಬ 100 ಎಸೆತ ಎಸೆದ ಎಂದುಕೊಳ್ಳಿ. ಬರೀ ಅದೃಷ್ಟದ ಏರಿಳಿತದಿಂದಲೇ ಅವನ ಶೇಕಡಾವಾರು 25ರಿಂದ 45ರವರೆಗೆ ಎಲ್ಲಿ ಬೇಕಾದರೂ ನಿಲ್ಲಬಹುದು. 400 ಎಸೆದರೂ 30ರಿಂದ 40ರ ನಡುವೆ ಹೊಯ್ದಾಡುತ್ತದೆ. ಕಾಲೇಜಿನಲ್ಲಿ ಒಂದೇ ವರ್ಷ ಆಡಿ ಬಂದವನ ಬೆನ್ನಿಗೆ 400 ತ್ರೀ ಎಲ್ಲಿಂದ ಬರಬೇಕು? ಫ್ರೀ ಥ್ರೋ ಹಾಗಲ್ಲ. ಅದೇ ದೂರ, ಕೈ ಅಡ್ಡ ಹಿಡಿಯುವವರಿಲ್ಲ, ಗಡಿಬಿಡಿ ಇಲ್ಲ. ಕೈಯ ಹದ ಅಲ್ಲಿ ಬೆತ್ತಲೆಯಾಗಿ ಕಾಣುತ್ತದೆ.

ಕವಾಯ್ ಲೆನರ್ಡ್ ಸ್ಯಾನ್ ಡಿಯಾಗೋ ಸ್ಟೇಟ್ ಕಾಲೇಜಿನಲ್ಲಿ ತ್ರೀಗಳನ್ನು ಮೊದಲ ವರ್ಷ ಶೇ 20.5, ಎರಡನೇ ವರ್ಷ ಶೇ 29.1 ಹಾಕಿದರು. ನೋಡಿದವರು ಶೂಟಿಂಗ್ ಬರುವುದಿಲ್ಲ ಎಂದು ಬರೆದುಕೊಂಡರು. ಫ್ರೀ ಥ್ರೋ ಮಾತ್ರ ಶೇ 73ರಿಂದ 76ರವರೆಗೆ ಇತ್ತು. 2011ರಲ್ಲಿ 15ನೇ ಆಯ್ಕೆಯಾಗಿ ಸ್ಯಾನ್ ಆಂಟೊನಿಯೊ ಪಾಲಾದಾಗ ಅಲ್ಲಿನ ಶೂಟಿಂಗ್ ಕೋಚ್ ಚಿಪ್ ಎಂಗೆಲಂಡ್ ಅವರ ಎಸೆತವನ್ನು ತಿದ್ದಿದರು. ಮೊದಲ ಸೀಸನ್‌ನಲ್ಲೇ ತ್ರೀ ಶೇ 37.6ಕ್ಕೆ ಏರಿತು.

ಇದರ ತಿರುವುಮುರುವು ಉದಾಹರಣೆ 2017ರ ಮೊದಲ ಆಯ್ಕೆ ಮಾರ್ಕೆಲ್ ಫುಲ್ಟ್ಜ್. ಕಾಲೇಜಿನಲ್ಲಿ ತ್ರೀ ಶೇ 41.3, ಫ್ರೀ ಥ್ರೋ ಶೇ 64.9, ಆಡಿದ್ದು 25 ಪಂದ್ಯ. ಎನ್‌ಬಿಎಗೆ ಬಂದಮೇಲೆ ಎಸೆತವೇ ಕೈತಪ್ಪಿತು. 2018ರ ಡಿಸೆಂಬರ್‌ನಲ್ಲಿ ಭುಜದ ಬಳಿ ನರ ಒತ್ತುವ ತೊಂದರೆ ಪತ್ತೆಯಾಯಿತು. ಆ ತೊಂದರೆಯನ್ನು ಫ್ರೀ ಥ್ರೋ ಅಂಕಿ ಮೊದಲೇ ಹೇಳಿತ್ತು ಎಂದರೆ ಅನ್ಯಾಯ. ಆದರೆ 25 ಪಂದ್ಯದ 41.3 ನೋಡಿ ‘ಒಳ್ಳೆಯ ಶೂಟರ್’ ಎಂದು ಷರಾ ಬರೆಯುವ ಕೈಯನ್ನು 64.9 ತಡೆಯಬೇಕಿತ್ತು.

ಕೆಲಸಕ್ಕೆ ಬರುವ ಒರಟು ಅಳತೆ ಇದು: 200 ಫ್ರೀ ಥ್ರೋ ಯತ್ನ ಆದಮೇಲೆ ಶೇ 75ಕ್ಕಿಂತ ಮೇಲಿದ್ದರೆ ತ್ರೀ ಕೆಟ್ಟದಾಗಿದ್ದರೂ ಕಾಯಿರಿ. 65ರಿಂದ 75 ಇದ್ದರೆ ವಿಡಿಯೊ ನೋಡಿ ತೀರ್ಮಾನಿಸಿ. 65ಕ್ಕಿಂತ ಕೆಳಗಿದ್ದರೆ ತ್ರೀ ಎಷ್ಟೇ ಚೆನ್ನಾಗಿ ಕಂಡರೂ ಅರ್ಧಕ್ಕೇ ನಂಬಿ.

ವಿಡಿಯೊದಲ್ಲಿ ತಪ್ಪಿದ ಎಸೆತಗಳನ್ನು ನೋಡಿ, ಬಿದ್ದವನ್ನಲ್ಲ. ಚೆಂಡು ರಿಂಗಿನ ಮುಂದಕ್ಕೆ ಅಥವಾ ಹಿಂದಕ್ಕೆ ಬಡಿದರೆ ದಿಕ್ಕು ಸರಿ ಇದೆ, ಬಲದ ಲೆಕ್ಕ ತಪ್ಪಿದೆ ಎಂದರ್ಥ. ಅದು ಕಾಲಿನ ಆಯಾಸ, ಅಭ್ಯಾಸದ ಕೊರತೆ, ಸರಿಹೋಗುತ್ತದೆ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೋಗುತ್ತಿದ್ದರೆ ಮೊಣಕೈ ಹೊರಕ್ಕೆ ಬಾಗುತ್ತಿದೆಯೋ, ಆಧಾರದ ಕೈ ಕೊನೇ ಗಳಿಗೆಯಲ್ಲಿ ಚೆಂಡನ್ನು ತಳ್ಳುತ್ತಿದೆಯೋ ನೋಡಿ. ಅದನ್ನು ತಿದ್ದಲು ವರ್ಷಗಳೇ ಬೇಕು. ಚೆಂಡು ಕೈಗೆ ಬಂದು ಬಿಡುಗಡೆಯಾಗುವವರೆಗಿನ ಹೊತ್ತನ್ನೂ ಗಮನಿಸಿ. ಸೊಂಟದವರೆಗೆ ಇಳಿಸಿ ಮತ್ತೆ ಎತ್ತುವವನಿಗೆ ಖಾಲಿ ಜಿಮ್‌ನಲ್ಲಿ ಎಲ್ಲವೂ ಬೀಳುತ್ತವೆ, ಪಂದ್ಯದಲ್ಲಿ ಎಸೆಯುವ ಅವಕಾಶವೇ ಸಿಗುವುದಿಲ್ಲ.

ಮೂರು ಪೂರ್ತಿ ಪಂದ್ಯ ನೋಡಿ

ಹೈಲೈಟ್ಸ್ ಬೇಡ. ಅದರಲ್ಲಿ ಕೆಟ್ಟ ಆಟಗಾರರೇ ಇರುವುದಿಲ್ಲ. ಬಲವಾದ ತಂಡದ ಎದುರು ಹೊರಗಿನ ಅಂಗಳದಲ್ಲಿ ಒಂದು, ಹಿಂದಿನ ದಿನವೂ ಆಡಿ ಸುಸ್ತಾದ ತಂಡದ ಪಂದ್ಯ ಒಂದು, ಮಾಮೂಲಿ ಇನ್ನೊಂದು, ಹೀಗೆ ಮೂರು ಆರಿಸಿಕೊಳ್ಳಿ. ಚಳಿಗಾಲದಲ್ಲಿ ನ್ಯೂಯಾರ್ಕಿನ ಸಂಜೆ 7ರ ಪಂದ್ಯ ನಮಗೆ ಬೆಳಗಿನ 5.30ಕ್ಕೆ. ಕಾಫಿ ಇಳಿಯುವುದಕ್ಕೂ ಜಂಪ್ ಬಾಲ್‌ಗೂ ಸರಿಹೋಗುತ್ತದೆ, ಆದರೆ ಈ ಕೆಲಸಕ್ಕೆ ರೀಪ್ಲೇಯೇ ಮೇಲು. ನಿಲ್ಲಿಸಿ, ಹಿಂದಕ್ಕೆ ಎಳೆದು ನೋಡಬೇಕಾಗುತ್ತದೆ.

ಚೆಂಡನ್ನು ಹಿಂಬಾಲಿಸಬೇಡಿ, ಹುಡುಗನನ್ನು ಹಿಂಬಾಲಿಸಿ. ಪಿಕ್ ಅಂಡ್ ರೋಲ್ ಒಂದನ್ನೇ ತೆಗೆದುಕೊಳ್ಳೋಣ. ಅವನು ಚೆಂಡು ತಟ್ಟುತ್ತಾ ಬರುತ್ತಾನೆ, ಸೆಂಟರ್ ಅಡ್ಡ ನಿಂತು ಸ್ಕ್ರೀನ್ ಕೊಡುತ್ತಾನೆ, ಎದುರಾಳಿಯ ಎತ್ತರದವನು ಫ್ರೀ ಥ್ರೋ ಗೆರೆಯ ಹತ್ತಿರ ಹಿಂದೆ ಸರಿಯುತ್ತಾನೆ, ಆಚೆ ಮೂಲೆಯನ್ನು ಕಾಯುತ್ತಿದ್ದವನು ಬುಟ್ಟಿಯ ಕಡೆ ಒಂದು ಹೆಜ್ಜೆ ಒಳಗೆ ಇಡುತ್ತಾನೆ. ಆ ಒಂದು ಹೆಜ್ಜೆ ಬಿದ್ದ ಗಳಿಗೆಯಲ್ಲಿ ವಿಡಿಯೊ ನಿಲ್ಲಿಸಿ. ಹುಡುಗನ ತಲೆ ಎತ್ತ ಇದೆ? ರಿಂಗನ್ನೇ ನೋಡುತ್ತಿದ್ದರೆ ಸೊನ್ನೆ. ಮೂಲೆಯವನು ಬಿಡುವಾದದ್ದನ್ನು ಕಂಡು ಪಾಸ್ ಕೊಟ್ಟರೆ ಒಂದು. ಬೇರೆ ಕಡೆ ನೋಡುವಂತೆ ನಟಿಸಿ, ಕಾವಲುಗಾರನೇ ಆ ಹೆಜ್ಜೆ ಇಡುವಂತೆ ಮಾಡಿ ಅವನು ಬಿಟ್ಟ ಜಾಗಕ್ಕೆ ಪಾಸ್ ಕಳಿಸಿದರೆ ಎರಡು. ಇಂಥ 20 ಸಂದರ್ಭ ಎಣಿಸಿ. ಮುಂದಿನ ಸೀಸನ್‌ನಲ್ಲಿ ಮತ್ತೆ 20 ಎಣಿಸಿ. ಸೊನ್ನೆಗಳು ಒಂದಾಗುತ್ತಿವೆಯೇ ಎಂಬುದನ್ನು ಯಾವ ಅಂಕಪಟ್ಟಿಯೂ ಇಷ್ಟು ನೇರವಾಗಿ ತೋರಿಸುವುದಿಲ್ಲ.

ಟರ್ನೋವರ್‌ಗಳನ್ನೂ, ಅಂದರೆ ಎದುರಾಳಿಗೆ ಚೆಂಡು ಬಿಟ್ಟುಕೊಟ್ಟ ಸಂದರ್ಭಗಳನ್ನೂ ಹೀಗೇ ವಿಂಗಡಿಸಿ. ಸರಿಯಾದ ಜಾಗಕ್ಕೇ ಕಳಿಸಿದ ಪಾಸ್ ಅರ್ಧ ಸೆಕೆಂಡ್ ತಡವಾಗಿ ಕಸಿಯಲ್ಪಟ್ಟರೆ ಬೇಸರ ಬೇಡ, ಕಣ್ಣಿಗೆ ಕಂಡಿದೆ, ಕೈ ಇನ್ನೂ ಹಿಂದಿದೆ. ಇಂಥ ತಪ್ಪು ಮಾಡಲೂ ಧೈರ್ಯ ಇಲ್ಲದೆ ಪಕ್ಕದವನಿಗೆ ಪಾಸ್ ಕೊಟ್ಟು ಸುಮ್ಮನಾಗುವವನ ಟರ್ನೋವರ್ ಅಂಕಿ ಚೊಕ್ಕವಾಗಿರುತ್ತದೆ, ಅಷ್ಟೆ. ಗುಂಪಿನೊಳಗೆ ಚೆಂಡು ಕೈಯಿಂದ ಜಾರುವುದು, ಎಡಗೈಗೆ ದೂಡಿದರೆ ತಬ್ಬಿಬ್ಬಾಗುವುದು ಬೇರೆ ಜಾತಿಯ ತಪ್ಪು. 22 ದಾಟಿದಮೇಲೂ ಅದು ಉಳಿದಿದ್ದರೆ ಕೆಂಪು ಶಾಯಿಯಲ್ಲಿ ಬರೆದುಕೊಳ್ಳಿ.

ಡಿಫೆನ್ಸ್‌ನಲ್ಲಿ ಎಳೆಯರು ಬಹುತೇಕ ಎಲ್ಲರೂ ಕೆಟ್ಟವರೇ. ನೋಡಬೇಕಾದ್ದು ಒಂದೇ: ಮೊದಲ ಕ್ವಾರ್ಟರ್‌ನಲ್ಲಿ ತಿಂದ ಏಟನ್ನು ಮೂರನೇ ಕ್ವಾರ್ಟರ್‌ನಲ್ಲೂ ತಿನ್ನುತ್ತಾನೆಯೇ? ಕೋಚ್ ಟೈಮ್‌ಔಟ್ ಕರೆದು ಬೈದಮೇಲೂ ಅದೇ ಬ್ಯಾಕ್‌ಡೋರ್ ಕಟ್‌ಗೆ (ಕಾವಲುಗಾರನ ಬೆನ್ನ ಹಿಂದಿನಿಂದ ಬುಟ್ಟಿಯತ್ತ ನುಗ್ಗುವ ಓಟಕ್ಕೆ) ಸಿಕ್ಕಿಬೀಳುವವನಿಗೆ ಅನುಭವ ಸಾಲದೆಂಬ ನೆಪ ಹೊಂದುವುದಿಲ್ಲ.

ಮೈಕಟ್ಟು: ಯಾವುದು ಬೆಳೆಯುತ್ತದೆ, ಯಾವುದಿಲ್ಲ

ತೋಳಿನ ಉದ್ದವನ್ನು ಯಾವ ಕೋಚೂ ಕಲಿಸಲಾರ. ಲೆನರ್ಡ್ 6 ಅಡಿ 7 ಇಂಚು, ಎರಡೂ ಕೈ ಚಾಚಿದರೆ 7 ಅಡಿ 3 ಇಂಚು. ಕಾಗದದ ಮೇಲಿನ ಎತ್ತರಕ್ಕಿಂತ ಈ ಅಳತೆಯೇ ಕೆಲಸದ್ದು. 2019ರವರೆಗೆ ತಂಡಗಳು ಶೂ ಹಾಕಿದ ಎತ್ತರವನ್ನೂ ಪಟ್ಟಿಯಲ್ಲಿ ಕೊಡುತ್ತಿದ್ದವು, ಆದ್ದರಿಂದ ಹಳೆಯ ಪಟ್ಟಿಯಲ್ಲಿ ಇಂಚು ಒಂದೂವರೆ ಹೆಚ್ಚಿರುವುದುಂಟು.

ಬಲ ಮಾತ್ರ ಬರುತ್ತದೆ. 2007ರ ಡ್ರಾಫ್ಟ್ ಪೂರ್ವ ಪರೀಕ್ಷೆಯಲ್ಲಿ ಕೆವಿನ್ ಡುರಾಂಟ್‌ಗೆ 185 ಪೌಂಡ್, ಅಂದರೆ 84 ಕಿಲೊ ಬಾರನ್ನು ಬೆಂಚ್ ಪ್ರೆಸ್‌ನಲ್ಲಿ ಒಮ್ಮೆಯೂ ಎತ್ತಲಾಗಲಿಲ್ಲ. 2014ರಲ್ಲಿ ಅವರೇ ಎಂವಿಪಿ. ಹತ್ತೊಂಬತ್ತರ ಹುಡುಗನನ್ನು ‘ಕಡ್ಡಿ’ ಎಂದು ತಳ್ಳಿಹಾಕುವ ಮುನ್ನ ಅವನ ಭುಜದ ಅಗಲ ನೋಡಿ. ಮಾಂಸ ತುಂಬಲು ಚೌಕಟ್ಟು ಇದೆಯೇ ಎಂಬುದಷ್ಟೇ ಪ್ರಶ್ನೆ.

ಎತ್ತರವೊಂದೇ ದಡ ಮುಟ್ಟಿಸುವುದಿಲ್ಲ ಎಂಬುದಕ್ಕೆ ನಮ್ಮವರದೇ ಉದಾಹರಣೆ ಇದೆ. ಪಂಜಾಬಿನ ಸತ್ನಾಮ್ ಸಿಂಗ್ 2015ರಲ್ಲಿ 52ನೆಯವರಾಗಿ ಡಲ್ಲಾಸ್ ತಂಡಕ್ಕೆ ಆಯ್ಕೆಯಾದರು. ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ. ಏಳಡಿ ಮೀರಿದ ಎತ್ತರ, ಮೃದುವಾದ ಕೈ. ಆದರೆ ಸೆಂಟರ್ ಆದವನು ತ್ರೀ ಪಾಯಿಂಟ್ ಗೆರೆಯವರೆಗೆ ಓಡಿ ಬಂದು ಚೆಂಡು ತರುವ ಚುರುಕಿನ ಗಾರ್ಡ್‌ನನ್ನು ತಡೆಯಬೇಕಾದ ಕಾಲ ಅದಾಗಲೇ ಬಂದಿತ್ತು. ಅವರಿಗೆ ಲೀಗಿನ ಒಂದು ಪಂದ್ಯವೂ ಸಿಗಲಿಲ್ಲ. ದೊಡ್ಡ ಮೈಯವರಲ್ಲಿ ಪಕ್ಕಕ್ಕೆ ಸರಿಯುವ ಮೊದಲ ಎರಡು ಹೆಜ್ಜೆಗಳೇ ಅಳತೆಗೋಲು.

ಗಾಯಗಳಲ್ಲಿ ಎಲುಬು, ಮೃದ್ವಸ್ಥಿ, ಕೀಲು ಎಂದು ಬೇರೆ ಬೇರೆ ಮಾಡಿಕೊಳ್ಳಿ. 2007ರ ಮೊದಲ ಆಯ್ಕೆ ಗ್ರೆಗ್ ಓಡನ್‌ಗೆ ಆಡುವ ಮೊದಲೇ ಮಂಡಿಯಲ್ಲಿ ಮೃದ್ವಸ್ಥಿ ಸರಿಪಡಿಸುವ ಮೈಕ್ರೊಫ್ರ್ಯಾಕ್ಚರ್ ಶಸ್ತ್ರಚಿಕಿತ್ಸೆ ಆಯಿತು. ಒಟ್ಟು ಆಡಿದ್ದು 105 ಪಂದ್ಯ. ಸ್ಟೆಫೆನ್ ಕರಿ 2011–12ರಲ್ಲಿ ಕಣಕಾಲು ಉಳುಕಿ ಉಳುಕಿ 26 ಪಂದ್ಯ ಮಾತ್ರ ಆಡಿದರು, ಮುಂದೆ ಎರಡು ಸಲ ಎಂವಿಪಿ ಆದರು. ಜೋಯೆಲ್ ಎಂಬೀಡ್ ಪಾದದ ನ್ಯಾವಿಕ್ಯುಲರ್ ಎಲುಬಿನ ಕಾರಣ ಮೊದಲ ಎರಡು ಸೀಸನ್ ಪೂರ್ತಿ ಕಳೆದುಕೊಂಡರು. 2023ರಲ್ಲಿ ಎಂವಿಪಿ ಆದರೂ ಯಾವ ಸೀಸನ್‌ನಲ್ಲೂ 82ರಲ್ಲಿ 70 ಪಂದ್ಯ ಮುಟ್ಟಿಲ್ಲ. ಏಳಡಿಯವನ ಪಾದ, ಮಂಡಿ ಎಂದರೆ ಎಷ್ಟು ಚೆನ್ನಾಗಿ ಆಡುತ್ತಾನೆ ಎಂಬ ಅಂದಾಜನ್ನು ಮುಟ್ಟಬೇಡಿ, ಎಷ್ಟು ಪಂದ್ಯ ಆಡುತ್ತಾನೆ ಎಂಬುದನ್ನು ಕಡಿಮೆ ಮಾಡಿ.

ಯಾವ ಅಂಕಿಯನ್ನು ಯಾವಾಗ ಎಣಿಸಬೇಕು

ಹೊಸಬರನ್ನು ಪರೀಕ್ಷಿಸುವ ಜುಲೈನ ಸಮ್ಮರ್ ಲೀಗ್ ಪಂದ್ಯ 40 ನಿಮಿಷದ್ದು, ಒಬ್ಬನಿಗೆ 10 ಫೌಲ್‌ವರೆಗೆ ಅವಕಾಶ, ಎದುರಾಳಿಗಳಲ್ಲಿ ಅರ್ಧ ಜನ ಕೆಲಸ ಹುಡುಕುತ್ತಿರುವವರು. ಅಲ್ಲಿನ ಅಂಕ ಎಣಿಸಬೇಡಿ. ಅಲ್ಲೂ ಒದ್ದಾಡಿದ ಮೂರನೇ ವರ್ಷದವನ ಹೆಸರು ಮಾತ್ರ ಗುರುತು ಹಾಕಿಕೊಳ್ಳಿ.

ರೂಕಿಗಳು ಜನವರಿ ಸುಮಾರಿಗೆ ಸೊರಗುತ್ತಾರೆ. ಕಾಲೇಜಿನಲ್ಲಿ ವರ್ಷಕ್ಕೆ 35ರಷ್ಟು ಪಂದ್ಯ ಆಡಿದ ಕಾಲುಗಳು ಅಷ್ಟರಲ್ಲೇ 40 ದಾಟಿರುತ್ತವೆ. ಆ ತಿಂಗಳ ಕುಸಿತವನ್ನು ಕ್ಷಮಿಸಿ. ಮಾರ್ಚ್ ಕೊನೆಯ, ಏಪ್ರಿಲ್‌ನ ಏರಿಕೆಯನ್ನೂ ಅಷ್ಟೇ ಅನುಮಾನದಿಂದ ನೋಡಿ. ಆಗ ಕೆಳಗಿನ ತಂಡಗಳು ಮುಂದಿನ ಡ್ರಾಫ್ಟ್‌ನಲ್ಲಿ ಒಳ್ಳೆಯ ಸ್ಥಾನಕ್ಕಾಗಿ ಅನುಭವಿಗಳನ್ನು ಕೂರಿಸಿರುತ್ತವೆ.

ಗೆಲ್ಲುವ ತಂಡದಲ್ಲಿ ಚಿಕ್ಕ ಪಾತ್ರ ಸಿಕ್ಕವನಿಗೆ ನಿಮ್ಮ ಲೆಕ್ಕದಲ್ಲಿ ಒಂದು ಮೆಟ್ಟಿಲು ಹೆಚ್ಚು ಕೊಡಿ. ಶೇಯ್ ಗಿಲ್ಜಸ್-ಅಲೆಕ್ಸಾಂಡರ್ 2018ರ 11ನೇ ಆಯ್ಕೆ. ಪ್ಲೇಆಫ್ (ಸೀಸನ್ ನಂತರದ ಪ್ರಶಸ್ತಿ ಸುತ್ತು) ಆಡಿದ ಕ್ಲಿಪ್ಪರ್ಸ್ ತಂಡದಲ್ಲಿ ಮೊದಲ ವರ್ಷ ಗಳಿಸಿದ್ದು 10.8 ಅಂಕ. ಇಪ್ಪತ್ತರ ಗಾರ್ಡ್ ಆಗಿ ಫೀಲ್ಡ್ ಗೋಲ್ ಶೇ 47.6, ಫ್ರೀ ಥ್ರೋ ಶೇ 80. ಒಕ್ಲಹೋಮಾಗೆ ಹೋದ ಮರುವರ್ಷ ಚೆಂಡು ಕೈಗೆ ಬಂತು, ಅಂಕ 19ಕ್ಕೆ ಏರಿತು. 2025ರಲ್ಲಿ ಎಂವಿಪಿಯೂ ಆದರು, ಚಾಂಪಿಯನ್ನೂ ಆದರು.

ಯಾನಿಸ್ ಅವರ ಮೊದಲ ನಾಲ್ಕು ವರ್ಷ ಸಾಲಾಗಿ ಬರೆದು ನೋಡಿ: 6.8, 12.7, 16.9, 22.9. ಪ್ರತಿ ಏರಿಕೆಯ ಜೊತೆಗೂ ಕೆಲಸ ಬದಲಾಗಿದೆ, ಮೂರನೇ ವರ್ಷದ ಕೊನೆಯಲ್ಲಿ ಕೋಚ್ ಜೇಸನ್ ಕಿಡ್ ಚೆಂಡು ತರುವ ಜವಾಬ್ದಾರಿಯನ್ನೇ ಅವರಿಗೆ ಕೊಟ್ಟರು. ಕೆಲಸ ಹೆಚ್ಚಿದಾಗಲೂ ಶೂಟಿಂಗ್ ಶೇಕಡಾವಾರು ಕುಸಿಯದವನನ್ನು ಕಂಡರೆ ನಿಮ್ಮ ಅಂದಾಜನ್ನು ಮೇಲಕ್ಕೆ ಸರಿಸಲು ಹಿಂಜರಿಯಬೇಡಿ.

ತೀರ್ಪನ್ನು ಮೂರು ಸಾಲಿನಲ್ಲಿ ಬರೆಯಿರಿ

‘ಸ್ಟಾರ್ ಆಗುತ್ತಾನೆ’, ‘ಆಗುವುದಿಲ್ಲ’ ಎಂದು ಬರೆದರೆ ಮುಂದೆ ತಿದ್ದಲು ಏನೂ ಉಳಿಯುವುದಿಲ್ಲ. ಕೆಟ್ಟದ್ದಾದರೆ ಏನು, ಮಧ್ಯಮವಾದರೆ ಏನು, ಒಳ್ಳೆಯದಾದರೆ ಏನು ಎಂದು ಮೂರು ಸಾಲು ಬರೆದು ಪ್ರತಿಯೊಂದಕ್ಕೂ ನೂರಕ್ಕೆ ಎಷ್ಟು ಎಂದು ಹಾಕಿ. ಹಾಕುವಾಗ ಇದು ನೆನಪಿರಲಿ: 30 ತಂಡ, ತಂಡಕ್ಕೆ 15 ಕಾಯಂ ಜಾಗ, ಒಟ್ಟು 450. ಡ್ರಾಫ್ಟ್‌ನ ಎರಡು ಸುತ್ತಿನಿಂದ ಪ್ರತಿ ವರ್ಷ 60ರ ಹತ್ತಿರ ಹೊಸಬರು ಬಾಗಿಲಲ್ಲಿ ನಿಲ್ಲುತ್ತಾರೆ. ಒಳ್ಳೆಯ ಸಾಲಿಗೆ ನೂರಕ್ಕೆ 40 ಹಾಕಿದ್ದೀರಾದರೆ ಬಹುಶಃ ನೀವು ಆ ತಂಡದ ಅಭಿಮಾನಿ.

ತಿದ್ದುವ ದಿನಗಳನ್ನೂ ಗೊತ್ತು ಮಾಡಿಕೊಳ್ಳಿ. ಮೊದಲ ಸುತ್ತಿನವರ ಒಪ್ಪಂದ ನಾಲ್ಕು ವರ್ಷದ್ದು. ಮೊದಲ ಎರಡು ಖಾತ್ರಿ, ಮೂರು ಮತ್ತು ನಾಲ್ಕನೆಯದು ತಂಡದ ಮರ್ಜಿ. ಮೂರು ಸೀಸನ್ ಮುಗಿದಮೇಲೆ ದೊಡ್ಡ ಒಪ್ಪಂದದ ಮಾತು ಶುರುವಾಗುತ್ತದೆ. ತಂಡಗಳು ನಿಜವಾಗಿ ಏನು ಯೋಚಿಸುತ್ತಿವೆ ಎಂಬುದು ಅವುಗಳ ಹೇಳಿಕೆಗಳಿಗಿಂತ ಈ ದಿನಗಳಲ್ಲೇ ಹೊರಬೀಳುತ್ತದೆ.

ಕೆಲವು ಸಲ ಅದಕ್ಕೂ ಮುಂಚೆಯೇ ಹೊರಬೀಳುತ್ತದೆ. 2015ರ ಫೆಬ್ರವರಿಯಲ್ಲಿ, ವರ್ಷದ ರೂಕಿ ಪ್ರಶಸ್ತಿ ಬಂದು ಒಂಬತ್ತು ತಿಂಗಳಾಗಿತ್ತು, ಕಾರ್ಟರ್-ವಿಲಿಯಮ್ಸ್ ಅವರಿಗೆ ಇನ್ನೂ ಬೆಲೆ ಇತ್ತು. ಫಿಲಡೆಲ್ಫಿಯಾ ಅವರನ್ನು ಬಿಟ್ಟುಕೊಟ್ಟು ಮುಂದೆಂದಾದರೂ ಸಿಗಬೇಕಾದ ಮೊದಲ ಸುತ್ತಿನ ಆಯ್ಕೆಯೊಂದನ್ನು ತೆಗೆದುಕೊಂಡಿತು. ಅವರನ್ನು ಕರೆಸಿಕೊಂಡ ತಂಡ ಮಿಲ್ವಾಕಿ. ಅಲ್ಲಿ ಚೆಂಡು ಕೊನೆಗೆ ಯಾರ ಕೈಗೆ ಹೋಯಿತು ಎಂಬುದನ್ನು ಮೇಲೆಯೇ ನೋಡಿದೆವು.